ಹೊಸ್ತಿಲ ಮುಂದಿನ ಡಾಂಬರು

ಬೆಳಗಿನ ಐದು ಗಂಟೆ ಐವತ್ತು ನಿಮಿಷ. ವಾ ಸಾಪಿಯಾ ಮನೆಯ ಪಕ್ಕದ ಚಪ್ಪಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಡಾಂಬರುಗಲ್ಲು ಜಜ್ಜುತ್ತಿದ್ದಳು. ಬಿಸಿಲೇರಿದ ಮೇಲೆ ಈ ಕೆಲಸ ಆಗುವುದಿಲ್ಲ. ಕಬುಂಗ್ಕಾ ಗುಡ್ಡದ ಕಲ್ಲಿನಲ್ಲಿ ಕಾಲು ಭಾಗದಷ್ಟು ಡಾಂಬರು, ಮಿಕ್ಕಿದ್ದು ಸುಣ್ಣಕಲ್ಲು. ತಂಪು ಹೊತ್ತಿನಲ್ಲಿ ಅದು ಸುತ್ತಿಗೆಗೆ ಪುಡಿಯಾಗಿ ಉದುರುತ್ತದೆ. ಬಿಸಿಲು ಬಿದ್ದಿತೋ, ಅದೇ ಕಲ್ಲು ಸುತ್ತಿಗೆಯ ಮೂತಿಗೆ ಅಂಟಿಕೊಂಡು ಮೇಲೆದ್ದು ಬರುತ್ತದೆ. ಹಾಗಾಗಿ ಬುತೊನ್ ದ್ವೀಪದ ಈ ಗಣಿಯೂರಿನಲ್ಲಿ ಜಜ್ಜುವುದು ನಸುಕಿನಲ್ಲಿ, ಕಲಸುವುದು ಮಧ್ಯಾಹ್ನದಲ್ಲಿ.

ಊರಿನ ಗಂಡಸರು ವರ್ಷದ ಬಹುಪಾಲು ದೋಣಿಗಳ ಮೇಲೆ ಇರುತ್ತಾರೆ. ಮಳೆ ಕಿತ್ತುಹಾಕಿದ ಓಣಿಯ ಗುಂಡಿ ಅವರು ಬರುವವರೆಗೆ ಕಾಯುವುದಿಲ್ಲವಲ್ಲ. ಆದ್ದರಿಂದ ಆ ಕೆಲಸ ಹೆಂಗಸರದ್ದು, ನೀರು ತರುವ ಹಾಗೆ, ಮರಗೆಣಸು ತುರಿಯುವ ಹಾಗೆ. ಅದರಲ್ಲೂ ವಾ ಸಾಪಿಯಾಳ ಕೈಗೆ ಹೆಸರಿತ್ತು. ಪುಡಿಯನ್ನು ಜರಡಿ ಹಿಡಿಯುತ್ತಿದ್ದಳು. ಒಂದು ಬಕೆಟ್ ಪುಡಿಗೆ ಒಂದೂವರೆ ಬಾಟಲಿ ಎಣ್ಣೆ, ಅದರಲ್ಲಿ ಹೆಚ್ಚಿನದು ಸೀಮೆಎಣ್ಣೆ, ಸ್ವಲ್ಪ ಹಳೆಯ ಎಂಜಿನ್ ಆಯಿಲ್. ಅದನ್ನು ಒಮ್ಮೆಗೇ ಸುರಿಯುತ್ತಿರಲಿಲ್ಲ, ಬೆರಳ ಸಂದಿಯಿಂದ ಚಿಮುಕಿಸುತ್ತಾ ಸನಿಕೆಯಲ್ಲಿ ಮಗುಚುತ್ತಿದ್ದಳು. ಆಮೇಲೆ ಗೋಣಿ ಹೊದಿಸಿ ಎರಡು ದಿನ ಮುಟ್ಟುತ್ತಿರಲಿಲ್ಲ. ಕಲ್ಲಿನೊಳಗೆ ಮಲಗಿರುವ ಡಾಂಬರನ್ನು ಎಣ್ಣೆ ನಿಧಾನವಾಗಿ ಎಬ್ಬಿಸಬೇಕು, ಆತುರಪಟ್ಟರೆ ಹೊರಗೆ ಜಿಡ್ಡು, ಒಳಗೆ ಕಲ್ಲು. ಹದ ಬಂದಿದೆಯೋ ಇಲ್ಲವೋ ನೋಡಲು ಒಂದು ಹಿಡಿ ತೆಗೆದು ಅದುಮುತ್ತಿದ್ದಳು. ಉಂಡೆ ನಿಲ್ಲಬೇಕು, ಮುರಿದರೆ ಸ್ವಚ್ಛವಾಗಿ ಮುರಿಯಬೇಕು, ಅಂಗೈ ಮಾತ್ರ ಜಿಡ್ಡಾಗಬಾರದು. ಅವಳು ಮುಚ್ಚಿದ ಗುಂಡಿ ಮೂರು ಮಳೆಗಾಲ ಕಳೆದರೂ ಬಾಯಿ ಬಿಡುತ್ತಿರಲಿಲ್ಲ.

ಒಂದೇ ಒಂದು ಕಡೆ ಬಿಟ್ಟು. ಅದು ಅವಳದೇ ಹೊಸ್ತಿಲ ಮುಂದೆ.

ಓಣಿಯ ಆ ಬದಿಯ ಮನೆಯಿಂದ ಮೈದುನ ಲಾ ಸಿಹಾದು ಖಾಲಿ ಲೋಟ ಹಿಡಿದುಕೊಂಡು ಬಂದ. ಆ ಊರಿನಲ್ಲಿ ಗಂಡಸರ ಹೆಸರಿನ ಮುಂದೆ ಲಾ, ಹೆಂಗಸರ ಹೆಸರಿನ ಮುಂದೆ ವಾ ಸೇರುತ್ತದೆ. ಮೊದಲು ಗಣಿಯಲ್ಲಿದ್ದವನು, ಈಗ ಬಾಡಿಗೆ ಬೈಕು ಓಡಿಸುತ್ತಿದ್ದ. ದಿನವೂ ಬೆಳಗಿನ ಕಾಫಿಗೆ ಅವನಿಗೆ ಅಣ್ಣನ ಮನೆಯೇ ಆಗಬೇಕು. ಹೊಸ್ತಿಲ ಹತ್ತಿರ ಬಂದು, ಅಲ್ಲಿ ಹಾಸಿದ್ದ ಹಲಗೆಯ ಮೇಲೆ ಕಾಲಿಟ್ಟು, ಕೈ ಅಗಲಿಸಿ ಹಗ್ಗದ ಮೇಲೆ ನಡೆಯುವವನಂತೆ ದಾಟಿದ.

"ಊರಿಗೆಲ್ಲ ಕಲ್ಲು ಬಡಿಸ್ತೀರಿ ಅತ್ತಿಗೆ, ನಿಮ್ಮನೆ ಮುಂದೆ ಮಾತ್ರ ಬೆಲ್ಲದ ಪಾಕ."

"ಪಾಕಕ್ಕೆ ಮುತ್ತೋ ನೊಣ ನೀನೊಬ್ನೇ. ಕಾಲು ಅಂಟುತ್ತೆ ಅಂದ್ರೆ ಬರಬೇಡ. ಕಾಫಿಪುಡಿಯಾದ್ರೂ ಉಳಿಯುತ್ತೆ."

"ನಾನು ಬರದಿದ್ರೆ ನಿಮ್ಮ ಬಾಯಿಗೆ ಬೆಳಗ್ಗೆ ಬೆಳಗ್ಗೆ ಕೆಲಸ ಕೊಡೋರು ಯಾರು?"

ಒಳಗಿನಿಂದ ಮಗಳು ವಾ ಅನಿಯಾ ಬಂದಳು. ಏಳು ತಿಂಗಳ ಬಸುರಿ. ಅವಳ ಗಂಡನೂ ದೋಣಿಯ ಮೇಲಿದ್ದ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಕೈಗೆ ಏನಾಯ್ತೇ?" ಎಂದ ಸಿಹಾದು.

"ಇನಾ ಹೇಳಲಿಲ್ವಾ?" ಎಂದು ಅವಳು ತಾಯಿಯ ಕಡೆ ನೋಡಿದಳು. "ನಿನ್ನೆ ಮಧ್ಯಾಹ್ನ ನೀರಿನ ಕೊಡ ಹಿಡ್ಕೊಂಡು ಬರ್ತಿದ್ದೆ. ಹಲಗೆ ಕಾಣಲಿಲ್ಲ. ಚಪ್ಪಲಿ ಡಾಂಬರಿಗೆ ಅಂಟಿ ಅಲ್ಲೇ ನಿಂತ್ಬಿಡ್ತು, ನಾನು ಮಾತ್ರ ಮುಂದಕ್ಕೆ ಬಂದೆ. ಕೈ ಊರಿದ್ದಕ್ಕೆ ಬಚಾವಾದೆ ಚಿಕ್ಕಪ್ಪ."

ಸಿಹಾದುವಿನ ಮುಖದ ನಗು ಆರಿತು. ವಾ ಸಾಪಿಯಾ ಸುತ್ತಿಗೆ ನಿಲ್ಲಿಸಲಿಲ್ಲ.

"ಹಲಗೆ ಮೇಲೇ ಹೋಗು ಅಂತ ಹೇಳಿದ್ನಲ್ಲ."

"ನಾಳೆ ಮಗು ಎತ್ಕೊಂಡೂ ಹಲಗೆ ಮೇಲೆ ಸರ್ಕಸ್ ಮಾಡ್ಲಾ ಇನಾ? ಮನೆಗೆ ಇರೋದು ಇದೊಂದೇ ದಾರಿ. ಆ ಕಡೆ ಚರಂಡಿ, ಈ ಕಡೆ ಗೋಡೆ. ಕಿತ್ತು ಬೇರೆ ಹಾಕಿದ್ರೆ ಮುಗೀತು. ಊರೋರಿಗೆಲ್ಲ ಮಾಡ್ತೀಯ, ಹೆತ್ತ ಮಗಳಿಗೆ ಆಗಲ್ವಾ?"

"ಮಾಡೋಣ."

"ಯಾವಾಗ?"

"ಮಾಡೋಣ ಅಂದೆನಲ್ಲ."

ಆ ಮಾತನ್ನು ಅವಳು ಹನ್ನೆರಡು ವರ್ಷದಿಂದ ಹೇಳುತ್ತಾ ಬಂದಿದ್ದಳು. ಅದು ಮೂವರಿಗೂ ಗೊತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಅವಳ ಗಂಡ ಲಾ ಹಮುಂದು, ಗಣಿಯ ಕೆಲಸ ಬಿಟ್ಟು ದೋಣಿ ಹಿಡಿದಿದ್ದವನು, ದ್ವೀಪದ ಮೇಲ್ಗಡೆಯ ಲಾವೆಲೆಗೆ ಹೋಗಿ ಬರುವಾಗ ಎರಡು ಚೀಲ ಕಲ್ಲು ತಂದಿದ್ದ. "ಗುಡ್ಡದ ಕಲ್ಲು ಜಜ್ಜಿ ಜಜ್ಜಿ ನಿನ್ನ ಅಂಗೈ ಆಮೆ ಬೆನ್ನಾಗಿದೆ. ಇದನ್ನ ನೋಡು, ಕೈಯಲ್ಲೇ ಮುರಿಯುತ್ತೆ" ಎಂದು ಒಂದು ತುಂಡನ್ನು ರೊಟ್ಟಿಯಂತೆ ಮುರಿದು ತೋರಿಸಿದ್ದ. ಅವಳಿಗೆ ಹಿಗ್ಗಾಯಿತು. ಬಟ್ಟೆಬರೆ ತಂದುಕೊಡುವ ಗಂಡಂದಿರ ಬಗ್ಗೆ ಅವಳು ಕೇಳಿದ್ದಳು. ಹೆಂಡತಿಯ ಅಂಗೈ ನೋಡಿ ಕಲ್ಲು ತಂದುಕೊಟ್ಟವನು ಇವನೊಬ್ಬನೇ.

ಆ ಕಲ್ಲಿನಿಂದಲೇ ಹೊಸ್ತಿಲ ಮುಂದಿನ ಗುಂಡಿ ಮುಚ್ಚಿದಳು. ಕೈಗೆ ರೂಢಿಯಾಗಿದ್ದ ಅಳತೆಯಲ್ಲೇ, ಬಕೆಟ್ಟಿಗೆ ಒಂದೂವರೆ ಬಾಟಲಿ ಎಣ್ಣೆ ಹಾಕಿದಳು. ತಪ್ಪಾದದ್ದು ಅಲ್ಲಿ. ಲಾವೆಲೆಯ ಕಲ್ಲಿನಲ್ಲಿ ಡಾಂಬರೂ ಹೆಚ್ಚು, ಅದರದೇ ಎಣ್ಣೆಯೂ ಇನ್ನೂ ಆರದೆ ಇರುತ್ತದೆ. ಅದಕ್ಕೆ ಮೇಲಿನಿಂದ ಎಣ್ಣೆ ಬೇಕಾಗುವುದೇ ಕಡಿಮೆ. ಹದ ನೋಡಿದಾಗ ಅಂಗೈ ಜಿಡ್ಡಾಗಿತ್ತು. ಹೊಸ ಕಲ್ಲಿನ ಗುಣವೇ ಹೀಗಿರಬೇಕು ಅಂದುಕೊಂಡು ದಮ್ಮಸ್ಸು ಹೊಡೆದಳು. ಒಂದು ಚಾಪೆಯಷ್ಟು ಅಗಲದ ತೇಪೆ.

ಮರುದಿನ ಅವನ ದೋಣಿ ಮೂಡಲ ದೂರದ, ಆರು ಎಂಬ ಹೆಸರಿನ ದ್ವೀಪಗಳ ಕಡೆಗೆ ಹೊರಡುವುದಿತ್ತು. ಹೊರಡುವ ಗಂಡಸು ಹೊಸ್ತಿಲ ಮೇಲೆ ನಿಂತು ಮೂಗಿನ ಕೆಳಗೆ ಬೆರಳಿಟ್ಟು ನೋಡಿಕೊಳ್ಳುತ್ತಾನೆ. ಉಸಿರು ಯಾವ ಹೊಳ್ಳೆಯಲ್ಲಿ ಸರಾಗವೋ ಆ ಕಾಲು ಮೊದಲು ಹೊರಗೆ. ಹೊರಗಿಟ್ಟ ಮೇಲೆ ಹಿಂದಕ್ಕೆ ತೆಗೆಯುವಂತಿಲ್ಲ. ಹಮುಂದುವಿನ ಉಸಿರು ಎಡಕ್ಕಿತ್ತು. ಎಡಗಾಲು ಇಟ್ಟ. ಬರಿಗಾಲು. ಅದು ಬೆರಳುದ್ದ ಆಳಕ್ಕೆ ಇಳಿದುಹೋಯಿತು.

"ಏನೇ ಇದು! ಕಾಲು ಹಿಡ್ಕೊಳ್ಳೋ ಹಾಗೆ ಮಾಡಿದ್ದೀಯಲ್ಲ!"

ಅವಳು ನಾಚಿಕೆಯಿಂದ ಬಾಯಿಗೆ ತಲೆವಸ್ತ್ರದ ತುದಿ ಅಡ್ಡ ಹಿಡಿದಳು. "ವಾರದಲ್ಲಿ ಗಟ್ಟಿಯಾಗುತ್ತೆ. ಗುರುತು ಮುಚ್ಚಿಬಿಡ್ತೀನಿ."

"ಬೇಡ, ಇರ್ಲಿ. ವಾಪಸ್ ಬಂದಾಗ ಪಕ್ಕದಲ್ಲಿ ಬಲಗಾಲು ಇಡ್ತೀನಿ. ಜೋಡಿ ಆಗುತ್ತೆ."

ಕಾಲನ್ನು ಎಳೆದಾಗ ಪಚ್ ಎಂದು ಸದ್ದಾಯಿತು. ಪಾದಕ್ಕೆ ಅಂಟಿದ ಕರಿಯನ್ನು ಒರೆಸಿಕೊಳ್ಳದೆಯೇ ಅವನು ಬಂದರಿನ ಕಡೆ ಇಳಿದುಹೋದ. ದೋಣಿ ದಾರಿಯಲ್ಲಿನ ವಾಂಚಿ ಬಂದರಿನಲ್ಲಿ ಕುಡಿಯುವ ನೀರು ತುಂಬಿಸಿಕೊಂಡದ್ದನ್ನು ನೋಡಿದವರಿದ್ದಾರೆ. ಅಲ್ಲಿಂದಾಚೆಗೆ ನೋಡಿದವರು ಯಾರೂ ಇಲ್ಲ.

ಶವ ಸಿಗದವರಿಗೂ ಮಸೀದಿಯಲ್ಲಿ ಪ್ರಾರ್ಥನೆ ಮಾಡುವ ಕ್ರಮವಿದೆ. ಧ್ವನಿವರ್ಧಕದಲ್ಲಿ ಹೆಸರು ಹೇಳಿ ಊರಿಗೆ ತಿಳಿಸುತ್ತಾರೆ, ಏಳನೆಯ ದಿನ ಊಟ ಹಾಕುತ್ತಾರೆ. ಆ ದೋಣಿಯಲ್ಲಿ ಹೋದ ಉಳಿದವರ ಮನೆಗಳಲ್ಲಿ ಎಲ್ಲವೂ ಮುಗಿದಿತ್ತು. ವಾ ಸಾಪಿಯಾ ಒಪ್ಪಲಿಲ್ಲ. ಮಸೀದಿಯ ಹಿರಿಯರು ಬಂದು ಕೇಳಿದಾಗಲೆಲ್ಲ ಅವಳದು ಒಂದೇ ಮಾತು: "ಸತ್ತದ್ದನ್ನ ಯಾರು ನೋಡಿದ್ದಾರೆ?" ಲಾ ಸಿಹಾದುವಿಗೆ ಅದೊಂದು ಮುಳ್ಳು. ಒಡಹುಟ್ಟಿದ ಅಣ್ಣನಿಗಾಗಿ ಅವನು ಇವತ್ತಿನವರೆಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಕೈ ಕಟ್ಟಿರಲಿಲ್ಲ.

ತೇಪೆ ಗಟ್ಟಿಯಾಗಲೇ ಇಲ್ಲ. ಬಿಸಿಲುಗಾಲದ ಮಧ್ಯಾಹ್ನಗಳಲ್ಲಿ ಅದು ಮೆಲ್ಲಗೆ ಹರಿಯುತ್ತದೆ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ. ಹಾಗೆಯೇ ಬಿಟ್ಟಿದ್ದರೆ ಹೆಜ್ಜೆಯ ಗುರುತು ಎರಡು ವರ್ಷದಲ್ಲಿ ತಾನಾಗಿ ಮುಚ್ಚಿಹೋಗುತ್ತಿತ್ತು. ಅವಳು ಬಿಡಲಿಲ್ಲ. ಅಂಚು ಜಾರಿತೆನಿಸಿದಾಗ, ತೆಂಗಿನ ಚಿಪ್ಪಿನ ಸೌಟನ್ನು ಸೋಪಿನ ನೀರಿನಲ್ಲಿ ಅದ್ದಿ, ಅದರ ಬೆನ್ನಿನಿಂದ ಡಾಂಬರನ್ನು ಹಿಂದಕ್ಕೆ ಒತ್ತುತ್ತಿದ್ದಳು. ಹಿಮ್ಮಡಿಯ ಗುಳಿ, ಪಕ್ಕದ ಬಾಗು, ಬೆರಳುಗಳು, ಒಂದೊಂದಾಗಿ. ಓಣಿಯವರು ಅದನ್ನು ನೋಡುತ್ತಿದ್ದರು, ನೋಡಿಯೂ ನೋಡದವರಂತೆ ಹೋಗುತ್ತಿದ್ದರು.

ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಡುಮಧ್ಯಾಹ್ನ, ಓಣಿಯೆಲ್ಲ ಮಲಗಿರುವ ಹೊತ್ತಿನಲ್ಲಿ, ಹೊಸ್ತಿಲ ಹೊರಗೆ ಪಚ್ ಎಂದು ಸದ್ದಾಗುತ್ತಿತ್ತು, ಬರಿಗಾಲನ್ನು ಡಾಂಬರಿನಿಂದ ಕಿತ್ತಂತೆ. ಮೆತ್ತನೆಯ ಡಾಂಬರಿನೊಳಗೆ ಬಿಸಿಲಿಗೆ ಗಾಳಿಗುಳ್ಳೆ ಏಳುತ್ತದೆ, ಮೇಲೆ ಬಂದು ಒಡೆಯುತ್ತದೆ. ಅಷ್ಟು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ಪ್ರತಿ ಸಲವೂ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಆ ಬಾಗಿಲಿಗೆ ಹಗಲು ಹೊತ್ತು ಅಗುಳಿ ಬಿದ್ದದ್ದಿಲ್ಲ.

ಅನಿಯಾ ಬಿದ್ದ ಮಾತು ಬಂದ ಆ ದಿನ, ಜಜ್ಜಿದ ಪುಡಿಗೆ ಗೋಣಿ ಮುಚ್ಚಿ, ವಾ ಸಾಪಿಯಾ ಮೀನು ಕೊಳ್ಳಲು ದಡಕ್ಕೆ ಹೋದಳು. ದೋಣಿಗಳು ತಡವಾಗಿದ್ದವು. ಅವಳು ಮರಳುವಾಗ ಬಿಸಿಲು ನೆತ್ತಿಗೆ ಬಂದು ಓಣಿ ನಿರ್ಜನವಾಗಿತ್ತು. ಅನಿಯಾ ಒಳಕೋಣೆಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದಳು. ಹೊಸ್ತಿಲು ದಾಟಲು ಹಲಗೆಯ ಮೇಲೆ ಒಂದು ಕಾಲಿಟ್ಟ ವಾ ಸಾಪಿಯಾ ಅಲ್ಲೇ ನಿಂತುಬಿಟ್ಟಳು.

ಎಡಗಾಲಿನ ಗುರುತಿನ ಪಕ್ಕದಲ್ಲಿ ಬಲಗಾಲಿನ ಗುರುತಿತ್ತು.

ಬರಿಗಾಲು. ಹೊಚ್ಚ ಹೊಸದು. ಅಂಚುಗಳು ಇನ್ನೂ ಹೊಳೆಯುತ್ತಿದ್ದವು. ಎಡಗಾಲು ಹೊರಗೆ ಹೊರಟಿತ್ತು, ಬಲಗಾಲು ಒಳಕ್ಕೆ ಮುಖ ಮಾಡಿತ್ತು. ಹಿಮ್ಮಡಿ ಆಳಕ್ಕೆ ಇಳಿದಿತ್ತು, ಬಂದವನು ಅಲ್ಲೇ ನಿಂತು ಬಹಳ ಹೊತ್ತು ಮನೆಯನ್ನು ನೋಡಿದಂತೆ.

ಅವಳು ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಒಂದು ಕೋಳಿ ಚರಂಡಿಯಂಚಿನಲ್ಲಿ ಕೆದಕುತ್ತಿತ್ತು, ಅಷ್ಟೆ.

"ಅನಿಯಾಳ ಅಪ್ಪಾ?" ಎಂದಳು. ಗಂಡನನ್ನು ಅವಳು ಎಂದೂ ಹೆಸರು ಹಿಡಿದು ಕರೆದವಳಲ್ಲ.

ಉತ್ತರ ಬರಲಿಲ್ಲ. ಅವಳಿಗೆ ಹೆದರಿಕೆಯೂ ಆಗಲಿಲ್ಲ. ಹಿತ್ತಲಿಗೆ ಹೋಗಿ ನೋಡಿದಳು, ನೀರಿನ ತೊಟ್ಟಿಯ ಹಿಂದೆ ನೋಡಿದಳು, ಮಂಚದ ಕೆಳಗೂ ಬಗ್ಗಿ ನೋಡಿದಳು. ಮಂಚದ ಕೆಳಗೆ ನೋಡುತ್ತಿದ್ದೇನಲ್ಲ ಅನಿಸಿದಾಗ ಅವಳಿಗೇ ನಗು ಬಂತು. ಅವನು ಬಂದು, ಯಾರೂ ಇಲ್ಲವೆಂದು ಬಂದರಿನ ಕಡೆ ಹೋಗಿರಬೇಕು. ಸಂಜೆಗೆ ಬರುತ್ತಾನೆ. ತಂದ ಮೀನಿನಲ್ಲಿ ಹುಳಿಸಾರು ಮಾಡಿದಳು, ಮರಗೆಣಸಿನ ತುರಿಯನ್ನು ಗೋಪುರದಂತೆ ಹಬೆಯಲ್ಲಿ ಬೇಯಿಸಿ ಕಸುವಾಮಿ ಮಾಡಿದಳು. ಒಂದು ತಟ್ಟೆ ಹೆಚ್ಚಿಗೆ ಬಡಿಸಿ, ಮುಚ್ಚಿ, ಕಪಾಟಿನ ಮೇಲಿಟ್ಟಳು.

ಸಂಜೆ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವಳು ಕಲ್ಲು ಜಜ್ಜಲಿಲ್ಲ. ಗೋಣಿಯ ಕೆಳಗಿನ ಪುಡಿಯನ್ನು ಯಾರಿಗಾಗಿ ಮಾಡಿದ್ದಳೋ ಆ ನೆರೆಯವಳು ಬಂದು ಕೇಳಿದರೆ, "ಇವತ್ತಾಗಲ್ಲ, ಮನೆಗೆ ಜನ ಬರೋರಿದ್ದಾರೆ" ಎಂದು ಕಳಿಸಿದಳು. ಕಿಟಕಿಯ ಪಕ್ಕ ಕೂತು ಆ ಎರಡು ಗುರುತುಗಳನ್ನು ನೋಡುತ್ತಲೇ ಇದ್ದಳು. ಯಾರೂ ಮುಟ್ಟದಿರಲೆಂದು ಹೊಸ ಗುರುತಿನ ಮೇಲೆ ಬುಟ್ಟಿ ಕವುಚಿದಳು. ಬಿಸಿಲಿಗೆ ಅದು ಹರಿಯದಂತೆ ಮೇಲೆ ಒದ್ದೆ ಬಟ್ಟೆಯನ್ನೂ ಹೊದಿಸಿದಳು. ಮಧ್ಯಾಹ್ನ ಪಚ್ ಎಂದಿತು. ಬಾಗಿಲಿಗೆ ಹೋದಳು. ಬುಟ್ಟಿ ಇದ್ದಲ್ಲೇ ಇತ್ತು.

ಕೆಲಸದವಳ ಕೈ ಸುಮ್ಮನಿರುವುದಿಲ್ಲ. ತೆಂಗಿನ ಗರಿಯ ಒಂದು ಸೀಳು ತೆಗೆದುಕೊಂಡು ಬಂದು ಎರಡೂ ಪಾದ ಅಳೆದಳು. ಎಡಗಾಲಿಗಿಂತ ಬಲಗಾಲು ಎರಡು ಬೆರಳು ಚಿಕ್ಕದಿತ್ತು. ಗರಿಯನ್ನು ಮತ್ತೊಮ್ಮೆ ಇಟ್ಟಳು, ತಿರುಗಿಸಿ ಇಟ್ಟಳು. ಎರಡೇ ಬೆರಳು. ಉಪ್ಪುನೀರಿನಲ್ಲಿ ಅಷ್ಟು ವರ್ಷ ನೆನೆದ ಕಾಲು ಕುಗ್ಗಿರಬಹುದು ಅಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ಆ ಕಾಲು ಹೇಗಿರಬಹುದೆಂದು ಕಣ್ಣಿಗೆ ಕಟ್ಟಿತು. ಅಲ್ಲಿಯವರೆಗೆ ಬಾರದಿದ್ದ ಹೆದರಿಕೆ ಆಗ ಬಂತು. ಅವಳು ಕಾಯುತ್ತಿರುವವನು ನೀರಿನಿಂದ ಎದ್ದು ಬಂದಿದ್ದರೆ? ಗರಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಆದರೂ ಬಾಗಿಲು ಹಾಕಲಿಲ್ಲ.

ಮೂರನೆಯ ಬೆಳಗ್ಗೆ ಅನಿಯಾ ನಾತ ಹಿಡಿದು ಕಪಾಟಿನ ಮೇಲಿನ ತಟ್ಟೆ ಕಂಡುಹಿಡಿದಳು. ಮೀನು ಹಳಸಿತ್ತು. ಅದರ ಪಕ್ಕ ಇನ್ನೊಂದು ತಟ್ಟೆ, ಅದರ ಪಕ್ಕ ಮತ್ತೊಂದು.

"ಇನಾ, ಇದು ಯಾರಿಗೆ?"

"ನಿಮ್ಮಪ್ಪನಿಗೆ."

ಅನಿಯಾ ತಟ್ಟೆಯನ್ನು ಕೆಳಗಿಟ್ಟಳು. "ಎಲ್ಲಿದ್ದಾನೆ ನಮ್ಮಪ್ಪ?"

ವಾ ಸಾಪಿಯಾ ಅವಳನ್ನು ಕೈಹಿಡಿದು ಹೊಸ್ತಿಲಿಗೆ ಕರೆತಂದು ಬುಟ್ಟಿ ಎತ್ತಿ ತೋರಿಸಿದಳು. "ಹೇಳಿದ್ದ. ಬಲಗಾಲು ಪಕ್ಕದಲ್ಲಿ ಇಡ್ತೀನಿ ಅಂತ. ಇಟ್ಟಿದ್ದಾನೆ. ಇನ್ನು ಇದನ್ನ ಕೀಳು ಅನ್ನಬೇಡ."

"ಚಿಕ್ಕಪ್ಪಾ!" ಎಂದು ಅನಿಯಾ ಓಣಿಗೆ ಕೇಳುವಂತೆ ಕೂಗಿದಳು. "ಬೇಗ ಬಾ, ಇನಾಗೆ ಏನೋ ಆಗಿದೆ!"

ಲಾ ಸಿಹಾದು ಬೈಕು ಒರೆಸುತ್ತಿದ್ದ ಬಟ್ಟೆ ಹಿಡಿದೇ ಬಂದ. ಎರಡು ದಿನದಿಂದ ಅವನು ಕಾಫಿಗೆ ಬಂದಿರಲಿಲ್ಲ, ಅದನ್ನು ವಾ ಸಾಪಿಯಾ ಗಮನಿಸಿಯೇ ಇರಲಿಲ್ಲ. ಬುಟ್ಟಿಯನ್ನೂ ಒದ್ದೆ ಬಟ್ಟೆಯನ್ನೂ ಒಳಗಿನ ತಟ್ಟೆಗಳನ್ನೂ ನೋಡಿದ. ಹಲಗೆಯ ಮೇಲೆ ಕೂತುಬಿಟ್ಟ.

"ಅತ್ತಿಗೆ, ಅದು ನಾನು."

"ಏನು ನೀನು?"

"ಆ ಬಲಗಾಲು ನಂದು. ಅನಿಯಾ ಬಿದ್ದದ್ದು ಕೇಳಿದ ಮೇಲೆ ನನಗೆ ಸಮಾಧಾನ ಇರಲಿಲ್ಲ. ನೀವು ದಡಕ್ಕೆ ಹೋದ್ರಲ್ಲ, ಹಾರೆ ತಂದೆ. ಒಂದೇ ಸಲಕ್ಕೆ ಕಿತ್ತು ಬಿಸಾಕಿಬಿಡೋಣ, ಆಮೇಲೆ ನಿಮ್ಮ ಕೈಲಿ ಬೈಸಿಕೊಂಡ್ರೆ ಆಯ್ತು ಅಂತ. ಎಡಗಾಲು ಹಲಗೆ ಮೇಲಿಟ್ಟು, ಬಲಗಾಲು ಊರಿ ಹಾರೆ ಎತ್ತಿದೆ. ಎತ್ತಿದೋನಿಗೆ ಹಾಕೋಕೆ ಆಗಲಿಲ್ಲ. ಎಷ್ಟು ಹೊತ್ತು ಹಂಗೇ ನಿಂತಿದ್ನೋ ಗೊತ್ತಿಲ್ಲ."

"ಸುಳ್ಳು. ನೀನು ಚಪ್ಪಲಿ ಬಿಚ್ಚಿ ಗುಂಡಿ ಅಗೆಯೋನಾ?"

"ಅಣ್ಣನ ಕಾಲಿನ ಪಕ್ಕ ಚಪ್ಪಲಿ ಹಾಕ್ಕೊಂಡು ನಿಲ್ಲೋದು ಹೇಗೆ ಅತ್ತಿಗೆ?"

ವಾ ಸಾಪಿಯಾ ಸೊಂಟದ ಗರಿ ತೆಗೆದು ಅವನ ಮುಂದೆ ಹಿಡಿದಳು. ದನಿ ಏರಿತು. "ಅಳೆದಿದ್ದೀನಿ. ಈ ಬಲಗಾಲು ಚಿಕ್ಕದು, ನಿನ್ನದೇ ಇರ್ಲಿ. ಆದ್ರೆ ಈ ಎಡಗಾಲು ಅವನದು, ನಿನ್ನದಕ್ಕಿಂತ ಎರಡು ಬೆರಳು ಉದ್ದ. ಹೋಗು, ನಿನ್ನ ಪಾಡಿಗೆ ನೀನು ಹೋಗು."

"ಉದ್ದಾನಾ?" ಸಿಹಾದು ಅವಳನ್ನು ನೋಡಿದ. "ಗಣಿಯಲ್ಲಿ ನಮ್ಮಿಬ್ಬರಿಗೂ ಇದ್ದದ್ದು ಒಂದೇ ಜೊತೆ ಬೂಟು. ಅವನು ಪಾಳಿ ಮುಗಿಸಿ ಬಿಚ್ತಿದ್ದ, ನಾನು ಬಿಸಿಬಿಸಿಯಾಗಿ ಹಾಕ್ಕೋತಿದ್ದೆ. ಅವನ ಕಾಲಿನ ನಾತಕ್ಕೆ ನಾನು ಬೈದದ್ದು ನೀವೂ ಕೇಳಿದ್ದೀರಿ. ಇರಿ."

ಮನೆಗೆ ಹೋಗಿ ಒಂದು ಜೊತೆ ರಬ್ಬರ್ ಬೂಟು ತಂದ. ಹಿಮ್ಮಡಿ ಸವೆದು, ಸುಣ್ಣದ ಧೂಳು ಹಿಡಿದ ಬೂಟು. ಎಡಗಾಲಿನ ಬೂಟನ್ನು ಎಡಗಾಲಿನ ಗುರುತಿನ ಮೇಲೆ ಮೆಲ್ಲಗೆ ಇಟ್ಟ.

ಬೂಟಿನ ಅಟ್ಟೆ ಪಾದಕ್ಕಿಂತ ದೊಡ್ಡದೇ ಇರಬೇಕು. ಆದರೂ ಗುರುತಿನ ಬೆರಳುಗಳು ಬೂಟಿನ ಮೂತಿಯನ್ನು ದಾಟಿ ಮುಂದೆ ಕಾಣುತ್ತಿದ್ದವು.

ಸಿಹಾದು ಬೂಟು ಎತ್ತಿಕೊಂಡ. ವಾ ಸಾಪಿಯಾ ಮಂಡಿಯೂರಿ ಕೂತು, ದಿನಕ್ಕೆ ಹತ್ತು ಸಲ ನೋಡಿದ್ದ ಆ ಗುರುತನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಐದು ಬೆರಳಿನ ಗುಳಿಗಳೂ ಒಂದೇ ಅಳತೆ. ಹೆಬ್ಬೆರಳಿಲ್ಲ, ಕಿರುಬೆರಳಿಲ್ಲ. ಐದೂ ದುಂಡಗೆ, ಚಿಪ್ಪಿನ ಸೌಟಿನ ಬೆನ್ನಿನಂತೆ. ಡಾಂಬರು ಜಾರಿದಾಗಲೆಲ್ಲ ಒತ್ತಿದ್ದಳು, ಒತ್ತುವಾಗಲೆಲ್ಲ ಕೂದಲೆಳೆಯಷ್ಟು ಮುಂದಕ್ಕೆ ಒತ್ತಿದ್ದಳು. ಅವನ ಹೆಜ್ಜೆ ಎಂದೋ ಹೋಗಿತ್ತು. ಅದರ ಜಾಗದಲ್ಲಿ ಅವಳ ಕೈಯಿಂದಲೇ ಯಾರದೋ ಕಾಲೊಂದು ವರ್ಷ ವರ್ಷವೂ ಬೆಳೆಯುತ್ತಾ ಬಂದಿತ್ತು, ಹೊಸ್ತಿಲ ಎದುರಿಗೆ. ಇಷ್ಟು ದಿನ ಬಾಗಿಲು ತೆರೆದಿಟ್ಟದ್ದು ಯಾರಿಗಾಗಿ?

"ಒಳಗೆ ಬಾ ಇನಾ" ಎಂದಳು ಅನಿಯಾ, ಬಟ್ಟೆ ಸುತ್ತಿದ ಕೈಯಿಂದ ಅವಳ ಭುಜ ಹಿಡಿದು.

"ಹಾರೆ ಎಲ್ಲಿ ಇಟ್ಟಿದ್ದೀಯ?" ವಾ ಸಾಪಿಯಾ ಕೇಳಿದ್ದು ಸಿಹಾದುವನ್ನು.

"ನಾನೇ ಕೀಳ್ತೀನಿ ಬಿಡಿ ಅತ್ತಿಗೆ."

"ನಿನ್ನ ಕೈಲಿ ಆಗಲ್ಲ ಅಂತ ನೋಡಿದೆವಲ್ಲ."

ಬಿಸಿಲೇರುವ ಮೊದಲೇ ಮುಗಿಸಬೇಕಿತ್ತು. ತಂಪಿನಲ್ಲಿ ಡಾಂಬರು ತುಂಡು ತುಂಡಾಗಿ ಏಳುತ್ತದೆ, ಬಿಸಿಲಿಗೆ ಹಾರೆಯನ್ನೇ ನುಂಗುತ್ತದೆ. ತೇಪೆಯ ಅಂಚಿನಿಂದ ಶುರುಮಾಡಿದಳು. ಬಲಗಾಲು ಮೊದಲು ಬಂತು, ಹಿಮ್ಮಡಿಯ ಹತ್ತಿರ ಮುರಿದುಕೊಂಡು. ಎಡಗಾಲಿನ ಕೆಳಗೆ ಹಾರೆ ತೂರಿಸಿದಾಗ ಒಂದು ಗಳಿಗೆ ನಿಂತಳು. ಸಿಹಾದು ಮುಖ ತಿರುಗಿಸಿದ. ಹಾರೆಯ ಮೇಲೆ ಅವಳು ಮೈಯ ಭಾರವನ್ನೆಲ್ಲ ಬಿಟ್ಟಳು. ಅದು ಇಡಿಯಾಗಿಯೇ ಎದ್ದಿತು, ಒಂದು ಮೊರದಷ್ಟು ದೊಡ್ಡ ಹೆಂಟೆ.

ಅದನ್ನು ಎತ್ತಿ ಎಲ್ಲಾದರೂ ಜೋಪಾನವಾಗಿ ಇಡುತ್ತಾಳೆಂದು ಅನಿಯಾ ಅಂದುಕೊಂಡಿದ್ದಳು. ವಾ ಸಾಪಿಯಾ ಅದನ್ನು ಚಪ್ಪಡಿಯ ಮೇಲಿಟ್ಟು ಸುತ್ತಿಗೆ ಎತ್ತಿಕೊಂಡಳು. ಮೊದಲ ಏಟು ಬೆರಳುಗಳ ಮೇಲೆ ಬಿತ್ತು.

ಹೆಂಟೆಗಳನ್ನು ಒಡೆದು ಹಳೆಯ ಬಾಣಲೆಯಲ್ಲಿ ಹಾಕಿ ಸಣ್ಣ ಉರಿಯ ಮೇಲಿಟ್ಟಳು, ಹೊಗೆ ಏಳದಷ್ಟು ಸಣ್ಣ ಉರಿ. ಕರಗುತ್ತಾ ಬಂದ ಹಾಗೆ, ಗೋಣಿಯ ಕೆಳಗಿದ್ದ ಗುಡ್ಡದ ಕಲ್ಲಿನ ಪುಡಿಯನ್ನು ಸನಿಕೆಯಿಂದ ಸೇರಿಸಿ ಮಗುಚತೊಡಗಿದಳು. ಸಿಹಾದು ಸೀಮೆಎಣ್ಣೆಯ ಬಾಟಲಿ ತಂದು ಹಿಡಿದ.

"ಬೇಡ" ಎಂದಳು.

"ಎಣ್ಣೆ ಇಲ್ದೆ ಹೇಗೆ?"

"ಇದರಲ್ಲೇ ಇದೆ. ನಾನೇ ಹಾಕಿದ್ದು, ಜಾಸ್ತಿಯಾಗಿ."

ಸೀಮೆಎಣ್ಣೆ ಎಂದೋ ಆರಿಹೋಗಿತ್ತು. ಎಂಜಿನ್ ಆಯಿಲ್ ಮತ್ತು ಲಾವೆಲೆಯ ಕಲ್ಲಿನದೇ ಎಣ್ಣೆ ಮಾತ್ರ ಉಳಿದಿತ್ತು. ಗಟ್ಟಿ ಕಲ್ಲಿಗೆ ಏನು ಕೊರತೆಯೋ ಅದು ಮೆತ್ತನೆ ಕಲ್ಲಿನಲ್ಲಿ ಹೆಚ್ಚಾಗಿತ್ತು. ಇನ್ನಷ್ಟು ಪುಡಿ, ಇನ್ನೊಂದು ಸನಿಕೆ ಎಂದು ಸೇರಿಸುತ್ತಾ ಹೋದಳು. ನಡುವೆ ಒಂದು ಹಿಡಿ ತೆಗೆದು ಅದುಮಿ ನೋಡಿದಳು. ಜಿ‌ಡ್ಡು. ಮತ್ತೆ ಪುಡಿ. ಮತ್ತೆ ಅದುಮಿದಳು. ಉಂಡೆ ನಿಂತಿತು, ಸ್ವಚ್ಛವಾಗಿ ಮುರಿಯಿತು. ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದಳು, ಹೊಳಪಿರಲಿಲ್ಲ.

ಎರಡು ದಿನ ಗೋಣಿಯ ಕೆಳಗೆ ಬಿಟ್ಟಳು. ಆ ಎರಡು ದಿನ ಹೊಸ್ತಿಲ ಮುಂದೆ ಬರೀ ಗುಂಡಿ, ಅನಿಯಾಳನ್ನು ಸಿಹಾದು ಕೈಹಿಡಿದು ದಾಟಿಸುತ್ತಿದ್ದ. "ಗುಂಡಿಗಿಂತ ಹಲಗೇನೇ ವಾಸಿಯಿತ್ತು" ಎಂದು ಅವಳು, "ನಿನ್ನ ತೂಕಕ್ಕೆ ಹಲಗೇನೂ ಮುರೀತಿತ್ತು" ಎಂದು ಅವನು. ವಾ ಸಾಪಿಯಾ ನಗಲಿಲ್ಲ, ಆದರೆ ಕಾಫಿಗೆ ಮೂರು ಲೋಟ ಇಟ್ಟಳು. ನಾಲ್ಕನೆಯದನ್ನು ಕೈ ತಾನಾಗಿ ತೆಗೆದಿತ್ತು. ಅದನ್ನು ಒರೆಸಿ ಮತ್ತೆ ಕಪಾಟಿನಲ್ಲಿ ಬೋರಲು ಹಾಕಿದಳು.

ಗುಂಡಿಯ ಅಂಚನ್ನು ನೇರವಾಗಿ ಕಡಿದು, ಗುಡಿಸಿ, ತೇವ ಆರಿಸಿ, ಡಾಂಬರನ್ನು ಬೆರಳಷ್ಟು ಉಬ್ಬುವಂತೆ ತುಂಬಿದಳು. ದಮ್ಮಸ್ಸನ್ನು ಅಂಚಿನಿಂದ ನಡುವಿಗೆ ಹೊಡೆದಳು. ಮೇಲೆ ಕಲ್ಲಿನ ಧೂಳು ಚೆಲ್ಲಿದಳು. ನಡುಮಧ್ಯಾಹ್ನ ಅನಿಯಾ ಚಪ್ಪಲಿ ಹಾಕಿಕೊಂಡು ಅದರ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆದಳು. ಹೊಟ್ಟೆಯ ಭಾರಕ್ಕೆ ಹಿಂದೆ ವಾಲಿದ ಆ ನಡಿಗೆಗೆ ಡಾಂಬರು ಒಂದು ಗೆರೆಯನ್ನೂ ಹಿಡಿಯಲಿಲ್ಲ.

ಎಲ್ಲರೂ ಮಲಗಿದ ಹೊತ್ತಿಗೆ ವಾ ಸಾಪಿಯಾ ಕಿಟಕಿಯ ಪಕ್ಕ ಕೂತಳು. ಕಿವಿ ಹೊರಗೇ ಇತ್ತು. ಕೋಳಿಯೊಂದು ಕೊಕ್ಕೊ ಎಂದಿತು, ದೂರದಲ್ಲಿ ಯಾರದೋ ಬೈಕು ಏರು ಹತ್ತಿತು. ಹೊಸ್ತಿಲ ಹೊರಗೆ ಏನೂ ಇಲ್ಲ. ಹೊಸ್ತಿಲ ಮುಂದೆ ಡಾಂಬರಿದ್ದೂ ಆ ಸದ್ದು ಬಾರದ ಮೊದಲ ಬಿಸಿಲ ಮಧ್ಯಾಹ್ನ ಅದು. ಅಷ್ಟು ವರ್ಷ ಹೊರಗೆ ಯಾರೋ ಇದ್ದರೆಂಬುದು, ಅವರು ಇಲ್ಲವಾದಾಗ ತಿಳಿಯಿತು. ಅವಳು ಎದ್ದು, ತಲೆಗೆ ಬಟ್ಟೆ ಹೊದ್ದು, ಹೊಸ ಡಾಂಬರನ್ನು ದಾಟಿ, ಸಿಹಾದುವಿನ ಬಾಗಿಲು ಬಡಿದಳು.

"ಏಳು. ಮಸೀದಿಗೆ ಹೋಗೋಣ."

"ಈ ಬಿಸಿಲಲ್ಲಿ? ಯಾಕೆ ಅತ್ತಿಗೆ?"

"ಹೇಳಿಸಬೇಕು. ನಿಮ್ಮಣ್ಣನ ವಿಷಯ."

ಅವನು ಅಂಗಿಯ ಗುಂಡಿಗಳನ್ನು ತಪ್ಪು ತಪ್ಪಾಗಿ ಹಾಕಿಕೊಂಡು ಹಿಂದೆ ಬಂದ. ಮಸೀದಿಯ ಹಿರಿಯರು ಜಗಲಿಯಲ್ಲಿ ತೂಕಡಿಸುತ್ತಿದ್ದವರು ಅವಳನ್ನು ಕಂಡು ನೆಟ್ಟಗೆ ಕೂತರು. "ಹೇಳಿಸೋಕೆ ಬಂದಿದ್ದೀನಿ" ಎಂದಳು. ಧ್ವನಿವರ್ಧಕದ ಪೆಟ್ಟಿಗೆಯನ್ನು ಒರೆಸಿ, ಗುಂಡಿ ತಿರುಗಿಸಿ, ಬೆರಳಿನಿಂದ ಎರಡು ಸಲ ತಟ್ಟಿ ನೋಡಿದರು. ಊರಿನ ಮೇಲೆಲ್ಲ ಟಪ್ ಟಪ್ ಎಂದಿತು.

"ಹೆಸರು ಗೊತ್ತು. ತಂದೆಯ ಹೆಸರೂ ಗೊತ್ತು" ಎಂದರು. "ವಯಸ್ಸು ಎಷ್ಟು ಅಂತ ಹೇಳಲಿ, ತಾಯಿ?"

ಲಾ ಸಿಹಾದು ಬಾಯಿ ಹಾಕಿದ. "ಅರವತ್ತೊಂದು." ಮನೆಲೆಕ್ಕಕ್ಕೆ ಬಂದವರಿಗೂ ಮತದಾರರ ಪಟ್ಟಿಯವರಿಗೂ ಅತ್ತಿಗೆ ಅಣ್ಣನ ವಯಸ್ಸಿಗೆ ವರ್ಷಕ್ಕೊಂದು ಸೇರಿಸಿ ಹೇಳುತ್ತಿದ್ದುದನ್ನು ಅವನು ಕೇಳುತ್ತಾ ಬಂದಿದ್ದ.

"ಅಲ್ಲ" ಎಂದಳು ವಾ ಸಾಪಿಯಾ. ಹನ್ನೆರಡು ವರ್ಷದ ಹಿಂದೆ ಹೊಸ್ತಿಲ ಮೇಲೆ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ನಿಂತವನ ಕಿವಿಯ ಮೇಲಿನ ಕೂದಲು ಇನ್ನೂ ಕಪ್ಪಾಗಿತ್ತು. ಅವಳ ದನಿ ಧ್ವನಿವರ್ಧಕದೊಳಗೆ ಹೊಕ್ಕು ಗುಡ್ಡದವರೆಗೂ ಹೋಯಿತು.

"ನಲವತ್ತೊಂಬತ್ತು."